ಪೆಟಾರ್ಡ್: ಮೂರು ಜಲಾಂತರ್ಗಾಮಿಗಳು, ಎರಡು ಪುಸ್ತಕಗಳು

ಎರಡನೇ ಮಹಾಯುದ್ಧದಲ್ಲಿ ಜರ್ಮನಿ, ಇಟಲಿ, ಜಪಾನ್ ಮೂರೂ ದೇಶಗಳ ಜಲಾಂತರ್ಗಾಮಿಗಳನ್ನು ಮುಳುಗಿಸಿದ ಹಡಗು ಎಂದು ಬ್ರಿಟಿಷ್ ಡಿಸ್ಟ್ರಾಯರ್ (ವೇಗದ ಯುದ್ಧನೌಕೆ) ಎಚ್‌ಎಂಎಸ್ ಪೆಟಾರ್ಡ್ ಹೆಸರಾಗಿದೆ. ಮಾತು ಸುಳ್ಳಲ್ಲ. ಆದರೆ ಮೂರರಲ್ಲಿ ಒಂದನ್ನೂ ಅದು ಒಂಟಿಯಾಗಿ ಮುಳುಗಿಸಲಿಲ್ಲ. 1942ರ ಅಕ್ಟೋಬರ್‌ನಲ್ಲಿ ಜರ್ಮನಿಯ ಯು-559ರ ಬೆನ್ನು ಹತ್ತಿದ್ದು ಐದು ಹಡಗು. ಅದೇ ಡಿಸೆಂಬರ್‌ನಲ್ಲಿ ಇಟಲಿಯ ವಾರ್‌ಶೆಕ್ ಸಿಕ್ಕಿಬಿದ್ದಾಗ ಜೊತೆಗೆ ಗ್ರೀಸಿನ ಡಿಸ್ಟ್ರಾಯರ್ ವಾಸಿಲಿಸ್ಸಾ ಓಲ್ಗಾ ಇತ್ತು. 1944ರ ಫೆಬ್ರವರಿಯಲ್ಲಿ ಜಪಾನಿನ ಐ-27 ಮುಳುಗಿದಾಗ ಪಕ್ಕದಲ್ಲಿ ಪೆಟಾರ್ಡ್‌ನ ತಂಗಿ ಹಡಗು ಪಾಲಡಿನ್ ಇತ್ತು.

ಈ ಬೇಟೆಗಳಿಗೆ ಹಿಡಿದ ಹೊತ್ತು ನೋಡಿದರೆ ಆಶ್ಚರ್ಯವಾಗುತ್ತದೆ. ಮೊದಲನೆಯದಕ್ಕೆ ಹಗಲು ಕಳೆದು ರಾತ್ರಿಯಾಯಿತು. ಕೊನೆಯದಕ್ಕೆ ಎರಡೂವರೆ ಗಂಟೆ ಬೇಕಾಯಿತು, ಅದೂ ಶತ್ರು ಮೇಲೆದ್ದು ಕಣ್ಣೆದುರೇ ತೇಲುತ್ತಿದ್ದರೂ. 40,000 ಅಶ್ವಶಕ್ತಿಯ ಯಂತ್ರ, ಫಿರಂಗಿ, ಟಾರ್ಪೆಡೊ ಎಲ್ಲ ಇದ್ದ ಹಡಗಿಗೆ ಇಷ್ಟು ಹೊತ್ತೇಕೆ? ಜಲಾಂತರ್ಗಾಮಿಯನ್ನು ಪತ್ತೆ ಹಚ್ಚುವ ವಿದ್ಯೆ ಅಂದಿನ ಡಿಸ್ಟ್ರಾಯರ್‌ಗೆ ಚೆನ್ನಾಗಿಯೇ ಬರುತ್ತಿತ್ತು, ಕೊಲ್ಲುವ ವಿದ್ಯೆ ಅಷ್ಟು ಬರುತ್ತಿರಲಿಲ್ಲ. ಪೆಟಾರ್ಡ್‌ನ ಚರಿತ್ರೆಯಲ್ಲಿ ಬೆಲೆಬಾಳುವ ಘಟನೆ ನಡೆದದ್ದೂ ಈ ಕೊರತೆಯಿಂದಲೇ.

ಹಡಗು

ಪೆಟಾರ್ಡ್ ಎಂದರೆ ಹಿಂದಿನ ಕಾಲದಲ್ಲಿ ಕೋಟೆ ಬಾಗಿಲು ಒಡೆಯಲು ಇಡುತ್ತಿದ್ದ ಸಣ್ಣ ಸಿಡಿಮದ್ದಿನ ಪೊಟ್ಟಣ. ಹಡಗಿಗೆ ಮೊದಲು ಇಟ್ಟಿದ್ದ ಹೆಸರು ಪರ್ಸಿಸ್ಟೆಂಟ್, ಅಂದರೆ ಪಟ್ಟು ಬಿಡದವ. ಮುಂದೆ ನಡೆದದ್ದನ್ನು ನೋಡಿದರೆ ಹಳೆಯ ಹೆಸರೂ ಒಪ್ಪುತ್ತಿತ್ತು.

ನ್ಯೂಕ್ಯಾಸಲ್ ಬಳಿ ಟೈನ್ ನದಿಯ ದಡದ ವಾಕರ್‌ನಲ್ಲಿ ವಿಕರ್ಸ್-ಆರ್ಮ್‌ಸ್ಟ್ರಾಂಗ್ಸ್ ಕಂಪನಿ ಇದನ್ನು ಕಟ್ಟಿತು. 1939ರ ಡಿಸೆಂಬರ್‌ನಲ್ಲಿ ಕೆಲಸ ಶುರು, 1941ರ ಮಾರ್ಚ್‌ನಲ್ಲಿ ನೀರಿಗೆ, 1942ರ ಜೂನ್‌ನಲ್ಲಿ ಸೇವೆಗೆ. ಯುದ್ಧದ ತುರ್ತಿಗಾಗಿ ಎಂಟೆಂಟರ ತಂಡಗಳಲ್ಲಿ ಕಟ್ಟಿಸಿದ ಡಿಸ್ಟ್ರಾಯರ್‌ಗಳಲ್ಲಿ ಇದು ‘ಪಿ’ ವರ್ಗಕ್ಕೆ ಸೇರಿದ್ದು. ಮುಂದೆ ಬಂದ ‘ಆರ್’ ವರ್ಗದ ರಾದರಂ, ರಿಡೌಟ್, ರೈಡರ್ ಎಂಬ ಮೂರು ಹಡಗುಗಳು 1949ರಲ್ಲಿ ಭಾರತೀಯ ನೌಕಾಪಡೆಗೆ ಬಂದು ರಜಪೂತ್, ರಂಜಿತ್, ರಾಣಾ ಆದವು.

ಪೆಟಾರ್ಡ್‌ನ ಉದ್ದ 105 ಮೀಟರ್, ಅಗಲ ಹತ್ತೂವರೆ ಮೀಟರ್‌ಗಿಂತ ಸ್ವಲ್ಪ ಹೆಚ್ಚು, ತೂಕ 1,540 ಟನ್. ಎರಡು ಬಾಯ್ಲರ್, ಪಾರ್ಸನ್ಸ್ ಟರ್ಬೈನ್, ಸುಮಾರು 36 ನಾಟ್ ವೇಗ, ಅಂದರೆ ಗಂಟೆಗೆ 67 ಕಿಲೋಮೀಟರ್. ಎರಡು ಚೌಕಟ್ಟುಗಳಲ್ಲಿ ಎಂಟು ಟಾರ್ಪೆಡೊ ಕೊಳವೆಗಳು. ಈ ಗಾತ್ರದ ಬ್ರಿಟಿಷ್ ಡಿಸ್ಟ್ರಾಯರ್‌ಗಳಲ್ಲಿ ವಾಡಿಕೆಯಾಗಿ ಇರುತ್ತಿದ್ದದ್ದು 4.7 ಅಂಗುಲದ ಫಿರಂಗಿ. ಯುದ್ಧದ ಆರಂಭದಲ್ಲಿ ವಿಮಾನಗಳಿಂದ ಆದ ನಷ್ಟ ಕಂಡು, ಮೇಲ್ಮುಖವಾಗಿ ಹೊಡೆಯಬಲ್ಲ 4 ಅಂಗುಲದ ಫಿರಂಗಿಗಳನ್ನು ಪಿ ವರ್ಗಕ್ಕೆ ಕೂರಿಸಿದರು. 4.7 ಅಂಗುಲದ ಗುಂಡಿನ ತೂಕ ಸುಮಾರು 22 ಕಿಲೋ, 4 ಅಂಗುಲದ್ದು 14. ಆಕಾಶಕ್ಕೆ ಹೊಡೆಯುವಾಗ ಈ ವ್ಯತ್ಯಾಸ ದೊಡ್ಡದಲ್ಲ. ಜಲಾಂತರ್ಗಾಮಿಯ ದಪ್ಪ ಉಕ್ಕಿನ ಒಳಕವಚಕ್ಕೆ ಹೊಡೆಯುವಾಗ ದೊಡ್ಡದೇ.

ಕೇಳಿಸಿದರೂ ಕೊಲ್ಲಲಾಗದ್ದು ಏಕೆ

ನೀರಿನೊಳಗಿನ ಜಲಾಂತರ್ಗಾಮಿಯನ್ನು ಹುಡುಕಲು ಇದ್ದದ್ದು ಆಸ್ಡಿಕ್. ಇಂದು ಸೋನಾರ್ ಎನ್ನುತ್ತೇವೆ. ಹಡಗಿನ ತಳದ ಗುಮ್ಮಟದಿಂದ ತೆಳ್ಳನೆಯ ಸದ್ದಿನ ಮಿಡಿತ ಹೊರಡುತ್ತದೆ, ಏನಕ್ಕಾದರೂ ಬಡಿದರೆ ಮಾರ್ದನಿ ಬರುತ್ತದೆ. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಮಿಡಿತ ಹೋಗಿಬರಲು ಎರಡು ಸೆಕೆಂಡು ಹಿಡಿದರೆ ಗುರಿ 1,500 ಮೀಟರ್ ದೂರದಲ್ಲಿದೆ. ಒಳ್ಳೆಯ ದಿನ ಎರಡು ಕಿಲೋಮೀಟರ್‌ವರೆಗೆ ಕೇಳಿಸುತ್ತಿತ್ತು. ಹಡಗೇ 20 ನಾಟ್ ದಾಟಿ ಓಡಿದರೆ ಅದರ ಸ್ವಂತ ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲ. 36 ನಾಟ್ ವೇಗ ಈ ಕೆಲಸಕ್ಕೆ ದಂಡ.

ನಿಜವಾದ ತೊಡಕು ಹತ್ತಿರ ಹೋದಾಗ. ಆಸ್ಡಿಕ್‌ನ ಸದ್ದು ಹೆಚ್ಚುಕಮ್ಮಿ ಅಡ್ಡಡ್ಡ ಸಾಗುತ್ತದೆ, ತಲೆ ಬಗ್ಗಿಸಿ ಕೆಳಗೆ ನೋಡುವ ಶಕ್ತಿ ಅದಕ್ಕಿಲ್ಲ. ಕಡೆಯ ಇನ್ನೂರು ಮುನ್ನೂರು ಮೀಟರ್‌ನಲ್ಲಿ ಗುರಿ ಸದ್ದಿನ ಅಡಿಗೆ ಜಾರಿಕೊಳ್ಳುತ್ತದೆ. ಜಲಾಂತರ್ಗಾಮಿ ಆಳಕ್ಕಿಳಿದಷ್ಟೂ ಈ ಕುರುಡು ದೂರ ಹೆಚ್ಚು. ನೀರೊಳಗೆ ಸಿಡಿಯುವ ಆಯುಧವಾದ ಡೆಪ್ತ್ ಚಾರ್ಜನ್ನು ಮಾತ್ರ ಹಡಗಿನ ಹಿಂಬದಿಯಿಂದಲೇ ಉರುಳಿಸಬೇಕು, ಇಲ್ಲವೇ ಎರಡೂ ಪಕ್ಕಕ್ಕೆ ಎಸೆಯಬೇಕು. ಅಂದರೆ ಹಡಗು ಗುರಿಯ ನೆತ್ತಿ ದಾಟಿ ಹೋಗಬೇಕು.

ಲೆಕ್ಕ ಹಾಕೋಣ. ಹಡಗು 15 ನಾಟ್ ವೇಗದಲ್ಲಿ ಬರುತ್ತಿದೆ, 250 ಮೀಟರ್ ಇರುವಾಗ ಸದ್ದು ಕೈತಪ್ಪಿತು. ನೆತ್ತಿಯ ಮೇಲೆ ಬರಲು 32 ಸೆಕೆಂಡು. ಡೆಪ್ತ್ ಚಾರ್ಜ್ ಮುಳುಗುವುದು ಸೆಕೆಂಡಿಗೆ ಸುಮಾರು 3 ಮೀಟರ್, 100 ಮೀಟರ್ ಆಳ ತಲುಪಲು ಇನ್ನೂ 33 ಸೆಕೆಂಡು. ಒಟ್ಟು ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಜಲಾಂತರ್ಗಾಮಿ ಎಲ್ಲಿದೆ ಎಂದು ಯಾರಿಗೂ ತಿಳಿಯದು. 4 ನಾಟ್‌ನಲ್ಲಿ ತೆವಳಿದರೂ ಅದು ಆ ಹೊತ್ತಿಗೆ 130 ಮೀಟರ್ ಸರಿದಿರುತ್ತದೆ. ಡೆಪ್ತ್ ಚಾರ್ಜ್ ಒಳಕವಚವನ್ನು ಸೀಳಬೇಕಾದರೆ ಸುಮಾರು 6 ಮೀಟರ್ ಒಳಗೆ ಸಿಡಿಯಬೇಕು. ಅದರ ಎರಡರಷ್ಟು ದೂರದಲ್ಲಿ ಸಿಡಿದರೆ ಸೋರಿಕೆ, ಒಡೆದ ಬ್ಯಾಟರಿ, ಆರಿದ ದೀಪ.

ಡೆಪ್ತ್ ಚಾರ್ಜ್ ಎಂದರೆ ಸುಮಾರು 45 ಸೆಂಟಿಮೀಟರ್ ಅಗಲ, 70 ಸೆಂಟಿಮೀಟರ್ ಉದ್ದದ ಉಕ್ಕಿನ ಪೀಪಾಯಿ. ಒಳಗೆ 130 ಕಿಲೋ ಸ್ಫೋಟಕ. ನಡುವೆ ನೀರಿನ ಒತ್ತಡಕ್ಕೆ ಅದುಮಿಕೊಳ್ಳುವ ಒಂದು ಸಾಧನ, ಎಷ್ಟು ಆಳದಲ್ಲಿ ಸಿಡಿಯಬೇಕೋ ಅದನ್ನು ಕೀಲಿ ತಿರುಗಿಸಿ ಮೊದಲೇ ಹೊಂದಿಸಬೇಕು. ಆಸ್ಡಿಕ್ ದೂರ, ದಿಕ್ಕು ಹೇಳುತ್ತಿತ್ತೇ ವಿನಾ ಆಳ ಹೇಳುತ್ತಿರಲಿಲ್ಲ, ಆಳವನ್ನು ಊಹಿಸಬೇಕಿತ್ತು. ಅದಕ್ಕೇ ಐದೋ ಹತ್ತೋ ಪೀಪಾಯಿಗಳನ್ನು ವಜ್ರಾಕೃತಿಯಲ್ಲಿ ಬೀಳಿಸುತ್ತಿದ್ದರು. ಕಡಿಮೆ ಆಳಕ್ಕೆ, ಉದಾಹರಣೆಗೆ 15 ಮೀಟರ್‌ಗೆ, ಹೊಂದಿಸಿ ಹಡಗು ನಿಧಾನ ಮಾಡಿದರೆ ಐದು ಸೆಕೆಂಡಿನಲ್ಲಿ ಸ್ವಂತ ಬಾಲವೇ ಹಾರುವ ಭಯ ಬೇರೆ. ಸಿಡಿದ ಮೇಲೆ ನೀರು ಕಲಕಿ ಗುಳ್ಳೆ ತುಂಬಿ ಆಸ್ಡಿಕ್ ಹಲವು ನಿಮಿಷ ಕಿವುಡು.

ಇದಕ್ಕೆ ಇದ್ದ ಮದ್ದು ಒಂದೇ: ಹಡಗುಗಳ ಸಂಖ್ಯೆ ಮತ್ತು ತಾಳ್ಮೆ. ಒಂದು ಹಡಗು ದೂರ ನಿಂತು ಮಾರ್ದನಿ ಹಿಡಿದಿರುತ್ತದೆ, ಇನ್ನೊಂದು ಹೋಗಿ ಬೀಳಿಸುತ್ತದೆ, ಬಳಿಕ ಸರದಿ ಬದಲು. ನೇರ ಪೆಟ್ಟು ಬೀಳದಿದ್ದರೂ ಚಿಂತೆಯಿಲ್ಲ. ಅಂದಿನ ಜಲಾಂತರ್ಗಾಮಿ ಬ್ಯಾಟರಿ ಮುಗಿದ ಮೇಲೆ, ಗಾಳಿ ಕೆಟ್ಟ ಮೇಲೆ, ಸೋರಿದ ನೀರಿನ ಭಾರ ತೇಲಿಸುವ ಸಂಕುಚಿತ ಗಾಳಿ ತೀರಿದ ಮೇಲೆ ಮೇಲೆ ಬರಲೇಬೇಕು. ಬಿಲದ ಬಾಯಲ್ಲಿ ಕೂತ ಬೆಕ್ಕಿನ ಕೆಲಸ.

1942ರ ಅಕ್ಟೋಬರ್ 30

ಯು-559 ಸಾಮಾನ್ಯ ದೋಣಿಯಲ್ಲ. ಹಿಂದಿನ ವರ್ಷ ಟೊಬ್ರುಕ್ ಬಳಿ ಆಸ್ಟ್ರೇಲಿಯಾದ ಪ್ಯಾರಮ್ಯಾಟ ಹಡಗನ್ನು ಮುಳುಗಿಸಿದ್ದು ಇದೇ, ನಾಯಕ ಹಾನ್ಸ್ ಹೈಟ್‌ಮನ್. ಅಂದು ನೈಲ್ ನದಿಯ ಮುಖಜ ಭೂಮಿಯಿಂದ ಉತ್ತರಕ್ಕೆ ಸುಮಾರು 130 ಕಿಲೋಮೀಟರ್ ದೂರದಲ್ಲಿ ವಿಮಾನವೊಂದರ ಕಣ್ಣಿಗೆ ಬಿತ್ತು. ಪೆಟಾರ್ಡ್, ಪಾಕನಂ, ಹೀರೊ, ಜೊತೆಗೆ ಸಣ್ಣ ಬೆಂಗಾವಲು ಡಿಸ್ಟ್ರಾಯರ್‌ಗಳಾದ ಡಲ್ವರ್ಟನ್, ಹರ್ವರ್ತ್ ಸುತ್ತುವರಿದವು. ಮೇಲೆ ಹೇಳಿದ ಆಟ ಗಂಟೆಗಟ್ಟಲೆ ನಡೆಯಿತು. ಒಳಕವಚ ಬಿರಿದು, ನಾಲ್ವರು ಸತ್ತು, ದೋಣಿಯ ಸಮತೋಲ ಕೆಟ್ಟು, ರಾತ್ರಿ ಹತ್ತು ದಾಟಿದ ಮೇಲೆ ಯು-559 ಮೇಲೆದ್ದಿತು. ಎದ್ದದ್ದು ಪೆಟಾರ್ಡ್‌ನ ಹತ್ತಿರದಲ್ಲೇ. ಸರ್ಚ್‌ಲೈಟ್ ಬಿತ್ತು, ಗುಂಡು ಹಾರಿತು.

ಗಂಟೆಗಟ್ಟಲೆ ಒತ್ತಡದಲ್ಲಿ ಕೆಟ್ಟ ಗಾಳಿ ಉಸಿರಾಡಿದ ಜನ ಜೀವ ಉಳಿಸಿಕೊಳ್ಳಲು ಸಮುದ್ರಕ್ಕೆ ಧುಮುಕಿದರು. ದೋಣಿ ಮುಳುಗಿಸುವ ನೀರಿನ ಕಿಂಡಿಗಳನ್ನೆಲ್ಲ ಅವರು ಸರಿಯಾಗಿ ತೆರೆಯಲಿಲ್ಲ. ಸಂಕೇತ ಪುಸ್ತಕಗಳನ್ನು ನಾಶ ಮಾಡಲಿಲ್ಲ. ಜರ್ಮನ್ನರು ಇಂಥ ಪುಸ್ತಕಗಳನ್ನು ನೀರಿಗೆ ಬಿದ್ದರೆ ಕರಗುವ ಶಾಯಿಯಲ್ಲಿ ಅಚ್ಚು ಹಾಕಿಸುತ್ತಿದ್ದರು. ಸಮುದ್ರಕ್ಕೆ ಎಸೆದಿದ್ದರೂ ಸಾಕಿತ್ತು. ಮೊದಲ ಪೆಟ್ಟಿಗೇ ಈ ದೋಣಿ ಒಡೆದು ತಳ ಸೇರಿದ್ದರೆ ಪೆಟಾರ್ಡ್‌ನ ಪಟ್ಟಿಯಲ್ಲಿ ಒಂದು ಸಂಖ್ಯೆ ಸೇರುತ್ತಿತ್ತು, ಅಷ್ಟೇ.

ಪೆಟಾರ್ಡ್‌ನ ನಾಯಕ ಮಾರ್ಕ್ ಥಾರ್ನ್‌ಟನ್‌ಗೆ ಜಲಾಂತರ್ಗಾಮಿಯನ್ನು ಜೀವಂತ ಹಿಡಿಯುವ ಹಂಬಲವಿತ್ತು, ಅದಕ್ಕೆ ಸಿಬ್ಬಂದಿಯನ್ನು ಮೊದಲೇ ತಯಾರು ಮಾಡಿದ್ದ. ಹಡಗಿನ ಎರಡನೇ ಅಧಿಕಾರಿ ಲೆಫ್ಟಿನೆಂಟ್ ಆಂಟನಿ ಫ್ಯಾಸನ್, ನಾವಿಕ ಕಾಲಿನ್ ಗ್ರೇಜಿಯರ್ ಯು-559ರ ಒಳಗಿಳಿದರು. ಹಿಂದೆಯೇ ಟಾಮಿ ಬ್ರೌನ್ ಹೋದ. ಅವನು ನಾವಿಕನೂ ಅಲ್ಲ, ಹಡಗಿನ ಕ್ಯಾಂಟೀನ್ ಹುಡುಗ. ವಯಸ್ಸು 16, ಕೆಲಸಕ್ಕಾಗಿ ಹೆಚ್ಚು ಹೇಳಿಕೊಂಡಿದ್ದ.

ಒಳಗೆ ಕತ್ತಲೆ. ಗುಂಡು ಬಿದ್ದ ತೂತುಗಳಿಂದ ನೀರು ನುಗ್ಗುತ್ತಿತ್ತು. ಫ್ಯಾಸನ್, ಗ್ರೇಜಿಯರ್ ಕಾಗದಪತ್ರ ಆರಿಸಿ ಕೊಟ್ಟಂತೆ ಬ್ರೌನ್ ಏಣಿ ಹತ್ತಿ ಮೇಲೆ ದಾಟಿಸಿದ. ಹೀಗೆ ಮೂರು ಸಲ. ಮೊದಲು ಕಾಗದ, ಆಮೇಲೆ ಯಂತ್ರ ಎಂಬ ಅನುಕ್ರಮ ಅವರನ್ನು ಗೆಲ್ಲಿಸಿತು. ಗೋಡೆಗೆ ಬಿಗಿದಿದ್ದ ಉಪಕರಣವೊಂದನ್ನು ಕಿತ್ತು ತರಲು ಹೋದ ಹೊತ್ತಿಗೆ ದೋಣಿ ಥಟ್ಟನೆ ಮುಳುಗಿತು. ಬ್ರೌನ್ ಮೇಲೆ ಬಂದ, ಉಳಿದಿಬ್ಬರು ಬರಲಿಲ್ಲ. ಇಬ್ಬರಿಗೂ ಮರಣೋತ್ತರ ಜಾರ್ಜ್ ಕ್ರಾಸ್ ಸಿಕ್ಕಿತು. ವಿಕ್ಟೋರಿಯಾ ಕ್ರಾಸ್ ಕೊಡಲಿಲ್ಲ, ಅದು ಶತ್ರುವಿನ ಎದುರು ತೋರಿದ ಸಾಹಸಕ್ಕೆ ಮೀಸಲು, ಇಲ್ಲಿ ಶತ್ರು ಆಗಲೇ ದೋಣಿ ಬಿಟ್ಟಿದ್ದ ಎಂಬ ನಿಯಮದ ಲೆಕ್ಕ. ಬ್ರೌನ್‌ಗೆ ಜಾರ್ಜ್ ಮೆಡಲ್ ಬಂತು. 1945ರಲ್ಲಿ ಮನೆಗೆ ಬೆಂಕಿ ಬಿದ್ದಾಗ ತಂಗಿಯನ್ನು ಉಳಿಸಲು ಹೋಗಿ ಅವನೂ ತೀರಿಕೊಂಡ. ತಂದ ಪುಸ್ತಕಗಳ ಮಹತ್ವ ಅವನಿಗೆ ಗೊತ್ತಾಗಲೇ ಇಲ್ಲ. ಗೂಢಲಿಪಿ ಒಡೆದ ವಿಷಯ ಜನರಿಗೆ ತಿಳಿದದ್ದು 1970ರ ದಶಕದಲ್ಲಿ.

ಆ ಪುಸ್ತಕಗಳಲ್ಲಿ ಏನಿತ್ತು

1942ರ ಫೆಬ್ರವರಿ 1ರಂದು ಅಟ್ಲಾಂಟಿಕ್‌ನ ಜರ್ಮನ್ ಜಲಾಂತರ್ಗಾಮಿಗಳು ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ಎನಿಗ್ಮಾದ ಹೊಸ ಯಂತ್ರಕ್ಕೆ ಬದಲಾದವು. ಮೂರು ಚಕ್ರಗಳ ಜಾಗದಲ್ಲಿ ನಾಲ್ಕು. ಪ್ರತಿ ಚಕ್ರಕ್ಕೆ 26 ಸ್ಥಾನ, ಹಾಗಾಗಿ ಹುಡುಕಬೇಕಾದ ಸಾಧ್ಯತೆ 26 ಪಟ್ಟು ಹೆಚ್ಚಿತು. ಬ್ರಿಟಿಷರ ಗೂಢಲಿಪಿ ಒಡೆಯುವ ಕೇಂದ್ರವಾದ ಬ್ಲೆಚ್ಲಿ ಪಾರ್ಕ್‌ನವರು ‘ಶಾರ್ಕ್’ ಎಂದು ಕರೆದ ಈ ಲಿಪಿ ಹತ್ತು ತಿಂಗಳು ಮುಚ್ಚಿದ ಬಾಗಿಲಾಗಿ ನಿಂತಿತು. ನವೆಂಬರ್ ಒಂದೇ ತಿಂಗಳಲ್ಲಿ ಜಲಾಂತರ್ಗಾಮಿಗಳು 7 ಲಕ್ಷ ಟನ್‌ಗೂ ಹೆಚ್ಚಿನ ಹಡಗುಗಳನ್ನು ಮುಳುಗಿಸಿದವು.

ಪೆಟಾರ್ಡ್ ತಂದ ಎರಡು ಪುಸ್ತಕಗಳಲ್ಲಿ ಎನಿಗ್ಮಾದ ದಿನದ ಕೀಲಿ ಇರಲಿಲ್ಲ. ಒಂದು, ಹವಾಮಾನ ವರದಿಯನ್ನು ಚುಟುಕಾಗಿಸುವ ಸಂಕೇತ ಪುಸ್ತಕ, ಆಗ ಬಳಕೆಯಲ್ಲಿದ್ದ ಎರಡನೇ ಆವೃತ್ತಿ. ಇನ್ನೊಂದು, ‘ಶತ್ರು ಹಡಗುಗಳ ಸಾಲು ಕಂಡಿತು’ ಎಂಬಂಥ ತುರ್ತು ಸುದ್ದಿಗಳ ಕಿರುಸಂಕೇತ ಪುಸ್ತಕ. ಹವಾಮಾನದ ಪುಸ್ತಕದಿಂದ ಗೂಢಲಿಪಿ ಹೇಗೆ ಒಡೆಯುತ್ತದೆ?

ಯುರೋಪಿನ ಮಳೆಗಾಳಿ ಪಶ್ಚಿಮದಿಂದ ಬರುತ್ತದೆ. ಅಟ್ಲಾಂಟಿಕ್‌ನಲ್ಲಿ ಜರ್ಮನಿಗೆ ಹವಾಮಾನ ಕೇಂದ್ರಗಳಿಲ್ಲ, ಜಲಾಂತರ್ಗಾಮಿಗಳೇ ವರದಿ ಕಳಿಸಬೇಕು. ರೇಡಿಯೋದಲ್ಲಿ ಹೆಚ್ಚು ಹೊತ್ತು ಮಾತಾಡಿದರೆ ಬ್ರಿಟಿಷರು ದಿಕ್ಕು ಹಿಡಿದುಬಿಡುತ್ತಾರೆ. ಅದಕ್ಕೆ ತಾಪಮಾನ, ಒತ್ತಡ, ಗಾಳಿ ಎಲ್ಲವನ್ನೂ ಕೆಲವೇ ಅಕ್ಷರಗಳಿಗೆ ಇಳಿಸಿ, ಅದನ್ನು ಎನಿಗ್ಮಾದಲ್ಲಿ ಹಾಕಿ, ಕ್ಷಣದಲ್ಲಿ ಕಳಿಸಿ ಮುಗಿಸುತ್ತಿದ್ದರು. ದಡದಲ್ಲಿ ಅದನ್ನು ಬಿಡಿಸಿ, ಅದೇ ಮಾಹಿತಿಯನ್ನು ಬೇರೊಂದು ಹವಾಮಾನ ಲಿಪಿಯಲ್ಲಿ ಮತ್ತೆ ಪ್ರಸಾರ ಮಾಡುತ್ತಿದ್ದರು. ಈ ಎರಡನೇ ಲಿಪಿಯನ್ನು ಬ್ರಿಟಿಷರು ಒಡೆದಿದ್ದರು.

ಇನ್ನು ಜೋಡಿಸಿ ನೋಡಿ. ಪ್ರಸಾರದಿಂದ ವರದಿಯ ಹೂರಣ ಗೊತ್ತು. ಪುಸ್ತಕ ಕೈಗೆ ಬಂದದ್ದರಿಂದ ಆ ಹೂರಣ ಯಾವ ಅಕ್ಷರಗಳಾಗಿ ಎನಿಗ್ಮಾಕ್ಕೆ ಹೋಯಿತೆಂದೂ ಗೊತ್ತು. ಗಾಳಿಯಲ್ಲಿ ಹಿಡಿದ ಗೂಢ ಅಕ್ಷರಗಳೂ ಕೈಯಲ್ಲಿವೆ. ಯಂತ್ರದ ಒಂದು ತುದಿಯಲ್ಲಿ ಏನು ಹಾಕಿದರು, ಇನ್ನೊಂದು ತುದಿಯಲ್ಲಿ ಏನು ಬಂತು ಎರಡೂ ತಿಳಿದರೆ ನಡುವಿನ ಚಕ್ರಗಳ ಜೋಡಣೆಯನ್ನು ‘ಬಾಂಬ್’ ಎಂಬ ಹುಡುಕು ಯಂತ್ರ ಕಂಡುಹಿಡಿಯುತ್ತದೆ. ಬ್ರಿಟಿಷರ ಬಾಂಬ್‌ಗಳಾದರೋ ಮೂರು ಚಕ್ರದವು. ಇಲ್ಲಿ ಜರ್ಮನ್ನರೇ ಕೈಹಿಡಿದರು: ಹವಾಮಾನದ ಕಿರುವರದಿ ಕಳಿಸುವಾಗ ನಾಲ್ಕನೇ ಚಕ್ರವನ್ನು ತಟಸ್ಥ ಸ್ಥಾನದಲ್ಲಿ ನಿಲ್ಲಿಸಿ, ಯಂತ್ರವನ್ನು ಹಳೆಯ ಮೂರು ಚಕ್ರದ ಯಂತ್ರದಂತೆ ಬಳಸುತ್ತಿದ್ದರು. ಹೀಗೆ ಮೂರು ಚಕ್ರಗಳ ಜೋಡಣೆ ಸಿಕ್ಕಿದರೆ, ಅದೇ ದಿನದ ಉಳಿದ ಸಂದೇಶಗಳಿಗೆ ನಾಲ್ಕನೇ ಚಕ್ರದ 26 ಸ್ಥಾನಗಳನ್ನಷ್ಟೇ ಪರೀಕ್ಷಿಸಬೇಕು.

ಪುಸ್ತಕಗಳು ನವೆಂಬರ್ 24ರಂದು ಬ್ಲೆಚ್ಲಿ ಪಾರ್ಕ್ ತಲುಪಿದವು, ಡಿಸೆಂಬರ್ 13ರಂದು ಶಾರ್ಕ್ ಒಡೆಯಿತು. 1943ರ ಮಾರ್ಚ್ 10ರಂದು ಜರ್ಮನ್ನರು ಹವಾಮಾನ ಪುಸ್ತಕದ ಹೊಸ ಆವೃತ್ತಿ ತಂದಾಗ ಮತ್ತೆ ಕತ್ತಲೆ ಕವಿಯಿತು. ಆಗ ನೆರವಿಗೆ ಬಂದದ್ದು ಎರಡನೇ ಪುಸ್ತಕ. ಕಿರುಸಂದೇಶಗಳ ಸುಳಿವಿನಿಂದ ಒಂಬತ್ತು ದಿನಗಳಲ್ಲಿ ಮತ್ತೆ ಒಳಹೊಕ್ಕರು. 1941ರ ಮೇಯಲ್ಲಿ ಬುಲ್‌ಡಾಗ್ ಎಂಬ ಡಿಸ್ಟ್ರಾಯರ್ ಯು-110ರಿಂದ ಎನಿಗ್ಮಾ ಯಂತ್ರವನ್ನೇ ತಂದಿತ್ತು. ಎಷ್ಟೋ ಕಡೆ ಈ ಎರಡು ಘಟನೆಗಳನ್ನು ಬೆರೆಸಿ ಬರೆಯುತ್ತಾರೆ. ಅದು ಮೂರು ಚಕ್ರದ ಕಾಲ, ಇದು ನಾಲ್ಕರದ್ದು.

ವಾರ್‌ಶೆಕ್, ಮತ್ತು ಮೆಡಿಟರೇನಿಯನ್‌ನ 1943

ಡಿಸೆಂಬರ್ 15ರಂದು ಮಾಲ್ಟಾದ ದಕ್ಷಿಣಕ್ಕೆ ಸಿಕ್ಕಿದ ವಾರ್‌ಶೆಕ್ ಕಥೆ ಬಹುಪಾಲು ಇದೇ ಅಚ್ಚಿನದು: ಡೆಪ್ತ್ ಚಾರ್ಜ್, ಮೇಲೇಳುವಿಕೆ, ಗುಂಡು, ಒಳಹೊಕ್ಕು ಕಾಗದಪತ್ರ ತರುವುದು. ಎಳೆದೊಯ್ಯುವ ಪ್ರಯತ್ನದಲ್ಲಿ ಮುಳುಗಿತು. ಡಿಕ್ಕಿಯಲ್ಲಿ ಪೆಟಾರ್ಡ್‌ನ ಮೂತಿಗೂ ಪೆಟ್ಟಾಯಿತು. ಡಿಕ್ಕಿ ಹೊಡೆದು ಜಲಾಂತರ್ಗಾಮಿ ಮುಳುಗಿಸುವುದು ಕೇಳಲು ಚೆನ್ನ. ಹಡಗುಗಟ್ಟೆಯ ಲೆಕ್ಕದಲ್ಲಿ ಅದು ದುಬಾರಿ ಬಾಬತ್ತು. ತೆಳು ತಗಡಿನ ಮೂತಿ ಮುದುಡುತ್ತದೆ, ತಳದ ಆಸ್ಡಿಕ್ ಗುಮ್ಮಟ ಕಿತ್ತುಹೋಗಬಹುದು, ಒಂದು ಶತ್ರುವಿಗೆ ಬದಲಾಗಿ ಒಂದು ಡಿಸ್ಟ್ರಾಯರ್ ದುರಸ್ತಿಗೆ ಕೂರುತ್ತದೆ.

1943 ಪೂರ್ತಿ ಬೇರೆ ಬಗೆಯ ದುಡಿಮೆ. ಮೇ 4ರಂದು ನ್ಯೂಬಿಯನ್, ಪಾಲಡಿನ್ ಜೊತೆಗೂಡಿ ಟ್ಯುನೀಷಿಯಾ ಕರಾವಳಿಯಲ್ಲಿ ಕಾಂಪೊಬಾಸ್ಸೊ ಎಂಬ ಸರಕು ಹಡಗನ್ನೂ ಅದರ ಬೆಂಗಾವಲಿನ ಪರ್ಸೆಯೊವನ್ನೂ ಮುಳುಗಿಸಿತು. ಸಿಸಿಲಿ, ಸಲೆರ್ನೊ ದಾಳಿಗಳಲ್ಲಿ ಇತ್ತು. ಅಕ್ಟೋಬರ್‌ನಲ್ಲಿ ಏಜಿಯನ್ ದ್ವೀಪಗಳ ನಡುವೆ ಲೆರೊಸ್‌ಗೆ ಸೈನಿಕರನ್ನು ಒಯ್ಯುವಾಗ ಜೊತೆಗಿದ್ದ ಎಕ್ಲಿಪ್ಸ್ ನೆಲಬಾಂಬಿನಂಥ ಸಮುದ್ರ ಸ್ಫೋಟಕಕ್ಕೆ ಸಿಕ್ಕಿ ಒಡೆಯಿತು. ಉಳಿದವರನ್ನು ನೀರಿನಿಂದೆತ್ತಿದ್ದು ಪೆಟಾರ್ಡ್.

ಒಂದೂವರೆ ಡಿಗ್ರಿ ಚಾನೆಲ್

1944ರ ಫೆಬ್ರವರಿಯಲ್ಲಿ ಮೊಂಬಾಸಾದ ಕಿಲಿಂದಿನಿ ಬಂದರಿನಿಂದ ಕೊಲಂಬೊ ಕಡೆಗೆ ಐದು ಸೈನಿಕ ಸಾಗಣೆ ಹಡಗುಗಳು ಹೊರಟವು. ಬೆಂಗಾವಲಿಗೆ ಹಳೆಯ ಕ್ರೂಸರ್ ಹಾಕಿನ್ಸ್, ಪೆಟಾರ್ಡ್, ಪಾಲಡಿನ್. ಫೆಬ್ರವರಿ 12ರ ಮಧ್ಯಾಹ್ನ ಎರಡೂವರೆಗೆ, ಮಾಲ್ಡೀವ್ಸ್‌ನ ದಕ್ಷಿಣದ ಒಂದೂವರೆ ಡಿಗ್ರಿ ಚಾನೆಲ್‌ನಲ್ಲಿ ಖೆದಿವ್ ಇಸ್ಮಾಯಿಲ್ ಹಡಗಿಗೆ ಎರಡು ಟಾರ್ಪೆಡೊ ಬಡಿದವು. ಎರಡು ನಿಮಿಷದೊಳಗೆ ಅದು ಮುಳುಗಿತು. 1,511 ಜನರಲ್ಲಿ 1,297 ಮಂದಿ ಸತ್ತರು. ಅವರಲ್ಲಿ ಬಹುಪಾಲು ಪೂರ್ವ ಆಫ್ರಿಕಾದ ಫಿರಂಗಿ ದಳದವರು. 77 ಮಂದಿ ಮಹಿಳೆಯರು, ಹೆಚ್ಚಿನವರು ದಾದಿಯರು.

ಹೊಡೆದದ್ದು ಐ-27, ಯು-559ಕ್ಕಿಂತ ಎಷ್ಟೋ ದೊಡ್ಡ ದೋಣಿ. ಅದು ಅಡಗಿದ್ದು ನೀರಿನಲ್ಲಿ ತೇಲುತ್ತಿದ್ದ ಜನರ ಕೆಳಗೆ. ಪೆಟಾರ್ಡ್‌ನ ನಾಯಕ ಆಗ ರೂಪರ್ಟ್ ಈಗನ್. ನೀರಿನೊಳಗಿನ ಸ್ಫೋಟದ ಒತ್ತಡದ ಅಲೆ ಈಜುವವರ ಶ್ವಾಸಕೋಶ, ಕರುಳು ಒಡೆಯುತ್ತದೆ. ಬಿಟ್ಟರೆ ಉಳಿದ ನಾಲ್ಕು ಸೈನಿಕ ಹಡಗುಗಳು ಅಪಾಯದಲ್ಲಿ. ಈಗನ್ ಡೆಪ್ತ್ ಚಾರ್ಜ್ ಹಾಕಿಸಿದರು. ದಡದಲ್ಲಿ ಕೂತು ಇದಕ್ಕೆ ತೀರ್ಪು ಕೊಡುವುದು ಸುಲಭ. ಆದರೆ ಆ ಒಂದು ನಿಮಿಷದ ಕುರುಡು ಲೆಕ್ಕವನ್ನು ಬಲ್ಲವರಿಗೆ ಬೇರೆ ದಾರಿ ಇತ್ತು ಎನಿಸುವುದಿಲ್ಲ.

ಐ-27 ಮೇಲೆ ಬಂತು. ಇಲ್ಲಿಂದ ಮುಂದೆ 4 ಅಂಗುಲದ ಫಿರಂಗಿಯ ಕಥೆ. ತೇಲುವ ಜಲಾಂತರ್ಗಾಮಿಯ ಒಳಕವಚದ ಬಹುಭಾಗ ನೀರಿನಡಿಯಲ್ಲೇ ಇರುತ್ತದೆ. ಕಾಣುವ ಭಾಗ ದುಂಡಗಿನ ಬೆನ್ನು. ಹಗುರ ಗುಂಡು ಹೊರತಗಡಿನ ಮೇಲೇ ಸಿಡಿಯುತ್ತದೆ, ಇಲ್ಲವೇ ಚಿಮ್ಮಿ ಹೋಗುತ್ತದೆ. ತೀರ ಹತ್ತಿರವಾದರೆ ಫಿರಂಗಿಯ ಮೂತಿ ಅಷ್ಟು ಕೆಳಗೆ ಬಾಗುವುದೂ ಇಲ್ಲ. ಎಷ್ಟು ಹೊಡೆದರೂ ಐ-27 ಮುಳುಗಲಿಲ್ಲ. ಪಾಲಡಿನ್ ಡಿಕ್ಕಿ ಹೊಡೆಯಲು ನುಗ್ಗಿತು. ದೋಣಿಯ ಗಾತ್ರ ಕಂಡ ಈಗನ್ ತಡೆದರು, ಪಾಲಡಿನ್ ಕಡೆಯ ಗಳಿಗೆಯಲ್ಲಿ ಹೊರಳಿತು. ಆಗ ಜಲಾಂತರ್ಗಾಮಿಯ ಪಕ್ಕಕ್ಕೆ ಚಾಚಿದ್ದ ರೆಕ್ಕೆ ಪಾಲಡಿನ್‌ನ ಹೊಟ್ಟೆ ಸೀಳಿತು.

ಉಳಿದದ್ದು ಟಾರ್ಪೆಡೊ. ಅದು ದೊಡ್ಡ ಹಡಗುಗಳಿಗೆಂದು ಮಾಡಿದ ಆಯುಧ. ಸುತ್ತು ಹೊಡೆಯುತ್ತಿರುವ, ಅಗಲ ಕಡಿಮೆಯ ಗುರಿಗೆ ತಾಗಿಸುವುದು ಕಷ್ಟ. ಪೆಟಾರ್ಡ್ ಒಂದೊಂದಾಗಿ ಬಿಟ್ಟಿತು. ಆರು ತಪ್ಪಿದವು. ಏಳನೆಯದು ತಾಗಿ ಐ-27 ಸಿಡಿಯಿತು. ಕೊಳವೆಗಳಲ್ಲಿ ಇನ್ನೊಂದು ಉಳಿದಿತ್ತು. ಗಾಯಗೊಂಡ ಪಾಲಡಿನ್ನನ್ನು ಪೆಟಾರ್ಡ್ ಅಡ್ಡು ಹವಳದ್ವೀಪಕ್ಕೆ ಎಳೆದೊಯ್ದಿತು.

ಅದೇ ಏಪ್ರಿಲ್‌ನಲ್ಲಿ ಸುಮಾತ್ರಾದ ಸಾಬಾಂಗ್ ಮೇಲಿನ ವಿಮಾನ ದಾಳಿಗೆ ಬೆಂಗಾವಲು ಹೋದ ಹಡಗುಗಳಲ್ಲಿ ಪೆಟಾರ್ಡ್ ಇತ್ತು. ಯುದ್ಧ ಮುಗಿದ ಮೇಲೆ ಮೀಸಲು ಸಾಲಿಗೆ ಸೇರಿತು. 1953ರಿಂದ 1955ರವರೆಗೆ ಬೆಲ್‌ಫಾಸ್ಟ್‌ನ ಹಾರ್ಲಂಡ್ ಅಂಡ್ ವುಲ್ಫ್ ಕಟ್ಟೆಯಲ್ಲಿ ಅದನ್ನು ಜಲಾಂತರ್ಗಾಮಿ ಬೇಟೆಯ ಫ್ರಿಗೇಟ್ ಆಗಿ ಬದಲಿಸಿದರು. ಹಳೆಯ ಫಿರಂಗಿಗಳ ಸಾಲು ಹೋಗಿ ಎರಡು ‘ಸ್ಕ್ವಿಡ್’ ಬಂದವು. ಮೂರು ನಳಿಕೆಗಳ ಈ ಆಯುಧ ಬಾಂಬುಗಳನ್ನು ಹಡಗಿನ ಮುಂದೆ 250 ಮೀಟರ್ ದೂರಕ್ಕೆ ಎಸೆಯುತ್ತದೆ, ಅಂದರೆ ಮಾರ್ದನಿ ಇನ್ನೂ ಕೇಳಿಸುತ್ತಿರುವಾಗಲೇ. ಸಿಡಿಯಬೇಕಾದ ಆಳವನ್ನು ಸೋನಾರ್ ತಾನೇ ಅಳೆದು ಹೊಂದಿಸುತ್ತದೆ. 1942ರಲ್ಲಿ ಐದು ಹಡಗಿಗೆ ಇಲ್ಲದ ಈ ಅನುಕೂಲ ಪೆಟಾರ್ಡ್‌ಗೆ ಬಂದಾಗ ಬೇಟೆಯಾಡಲು ಶತ್ರುವೇ ಇರಲಿಲ್ಲ. 1967ರಲ್ಲಿ ಸ್ಕಾಟ್ಲೆಂಡಿನ ಬೋನೆಸ್‌ನಲ್ಲಿ ಅದನ್ನು ಗುಜರಿಗೆ ಒಡೆದರು.